ವೇದಾವತಿಯನ್ನು ಹಾಯುತ್ತ: ಹೊಸದುರ್ಗದಿಂದ ಪರಶುರಾಂಪುರದವರೆಗೆ

ಆಫ್‌ರೋಡ್ ಚಾಲನೆ ಎಂದೊಡನೆ ನಮ್ಮವರಿಗೆ ಸಕಲೇಶಪುರದ ಘಟ್ಟದ ಸೆರಗು, ಕೊಡಗಿನ ಕಾಫಿ ತೋಟ, ಮಳೆಗಾಲದ ಮಲೆನಾಡಿನ ಕೆಸರು ನೆನಪಾಗುತ್ತವೆಯೇ ಹೊರತು ಚಿತ್ರದುರ್ಗ ಜಿಲ್ಲೆ ನೆನಪಾಗುವುದಿಲ್ಲ. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಹೊಳೆ ಹಾಯುವ ದಾರಿ ಎಲ್ಲಿದ್ದೀತು ಎಂದು ಕೇಳುವವರಿಗೆ ನಾನು ತೋರಿಸುವುದು ವೇದಾವತಿಯನ್ನು. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗ ತಾಲ್ಲೂಕನ್ನು ಹಾದು, ವಾಣಿವಿಲಾಸ ಸಾಗರದಲ್ಲಿ ನಿಂತು, ಅಲ್ಲಿಂದ ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳ ಮೂಲಕ ಆಂಧ್ರಪ್ರದೇಶಕ್ಕೆ ಇಳಿಯುತ್ತವೆ. ಕೆಳಗಿನ ಸೀಮೆಯ ಜನ ಇದನ್ನು ಹಗರಿ ಎಂದು ಕರೆಯುತ್ತಾರೆ. ಹೆಸರು ಬದಲಾದಂತೆ ಹೊಳೆಯ ತಳವೂ ಬದಲಾಗುತ್ತದೆ. ಹೊಸದುರ್ಗದ ಕಡೆ ಬೆಣಚುಕಲ್ಲು ಮತ್ತು ಬಂಡೆ, ಜಲಾಶಯದ ಹಿನ್ನೀರಿನ ಅಂಚಿನಲ್ಲಿ ಹೂಳು ಮತ್ತು ಎರೆ ಮಣ್ಣು, ಅಣೆಕಟ್ಟೆಯ ಕೆಳಗೆ ಬರೀ ಮರಳು. ಒಂದೇ ನದಿಯನ್ನು ಮೂರು ಬಗೆಯ ತಳದ ಮೇಲೆ ಹಾಯಬೇಕಾಗುವ ಇಂಥ ದಾರಿ ನಮ್ಮ ಸೀಮೆಯಲ್ಲಿ ಬೇರೊಂದಿಲ್ಲವೆಂದೇ ನನ್ನ ನಂಬಿಕೆ. ಹೊಳೆ ಹಾಯುವಾಗ ಮೇಲೆ ಕಾಣುವ ನೀರಿಗಿಂತ ಕಾಣದ ತಳವನ್ನು ಮೊದಲು ಅರಿಯಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ನದಿಯೂ ಇನ್ನೊಂದಿರಲಾರದು.

ಹೊಳೆಯುದ್ದಕ್ಕೂ ಸೇತುವೆಯಿಲ್ಲದ ಕಡೆಗಳಲ್ಲಿ ಎತ್ತಿನ ಬಂಡಿ ಮತ್ತು ಟ್ರ್ಯಾಕ್ಟರ್ ಹಾಯುವ ಹಳೆಯ ಜಾಗಗಳು ಇನ್ನೂ ಬಳಕೆಯಲ್ಲಿವೆ. ನಾವು ಹಾಯ್ದ ಜಾಗಗಳ ಹತ್ತಿರದ ಹಳ್ಳಿಗಳ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಅವೆಲ್ಲ ರೈತರ ಹೊಲದ ಬದುವಿಗೆ ಅಂಟಿಕೊಂಡ ದಾರಿಗಳು. ಅಲ್ಲಿ ವಾಹನಗಳ ಸಾಲು ಓಡಾಡತೊಡಗಿದರೆ ಒಂದೇ ಹಂಗಾಮಿನಲ್ಲಿ ಬದು ಕುಸಿಯುತ್ತದೆ, ದಾರಿ ಬಿಟ್ಟುಕೊಟ್ಟವರೇ ಮುಳ್ಳು ಕಡಿದು ಹಾಕಿ ಮುಚ್ಚಬೇಕಾಗುತ್ತದೆ.

ಹಿಂಗಾರು ಮುಗಿದು ಚಳಿ ಬಿದ್ದ ಮೇಲೆ, ಎರೆ ಹೊಲದ ಮೇಲ್ಪದರ ಒಣಗಿದ್ದರೂ ಹೊಳೆಯಲ್ಲಿ ನೀರು ಉಳಿದಿರುವ ಕಾಲವನ್ನು ನೋಡಿಕೊಂಡು ಹೊರಟೆವು. ನನ್ನದು ಡೀಸೆಲ್ ಥಾರ್, ಸೋದರಮಾವನ ಮಗನದು ಹಳೆಯ ಮಾರುತಿ ಜಿಪ್ಸಿ. ಮೂರನೆಯವರು ನಮ್ಮ ಬಡಾವಣೆಯ ಗ್ಯಾರೇಜಿನ ಮೇಸ್ತ್ರಿ, ಟ್ರ್ಯಾಕ್ಟರು ಮತ್ತು ಜೀಪುಗಳ ನಡುವೆಯೇ ವಯಸ್ಸು ಕಳೆದವರು. ಎರಡು ವಾಹನಗಳಿಲ್ಲದೆ ಇಂಥ ದಾರಿಗೆ ಇಳಿಯಬಾರದೆಂಬುದು ಅವರದೇ ನಿಯಮ, ಅದನ್ನು ನಾವು ಪ್ರಶ್ನಿಸುವುದಿಲ್ಲ. ಸಿಕ್ಕಿಕೊಂಡ ವಾಹನವನ್ನು ಎಳೆಯುವ ಟೋ ಬೆಲ್ಟ್, ಅದನ್ನು ಕೊಕ್ಕೆಗೆ ಬಿಗಿಯುವ ಎರಡು ಡಿ-ಶ್ಯಾಕಲ್, ಸಲಿಕೆ, ಹಾರೆ, ಜಾಕಿಯ ಅಡಿಗೆ ಇಡಲು ದಪ್ಪ ಹಲಗೆ, ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಪಂಕ್ಚರ್ ಸಾಮಾನು, ಒಂದು ಟಾರ್ಪಾಲು ಇಷ್ಟು ನಮ್ಮ ಸರಂಜಾಮು. ಪಂಕ್ಚರ್ ಸಾಮಾನನ್ನು ಒತ್ತಿ ಹೇಳಲು ಕಾರಣವಿದೆ. ಈ ಸೀಮೆಯ ಹಳ್ಳದ ದಂಡೆಗಳನ್ನೆಲ್ಲ ಬಳ್ಳಾರಿ ಜಾಲಿ ಆಕ್ರಮಿಸಿಕೊಂಡಿದೆ, ಅದರ ಒಣಮುಳ್ಳು ಟೈರಿನ ಪಕ್ಕದ ಗೋಡೆಯನ್ನೂ ತೂರಿಕೊಂಡು ಹೋಗುತ್ತದೆ.

ಮೊದಲ ದಿನ: ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ

ಚಿತ್ರದುರ್ಗವನ್ನು ಬೆಳಗಿನ ಜಾವವೇ ಬಿಟ್ಟು ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದು, ತಟ್ಟೆ ಇಡ್ಲಿ ತಿಂದು, ಅಡಿಕೆ ತೋಟಗಳ ನಡುವಿನ ಡಾಂಬರು ರಸ್ತೆಯಲ್ಲಿ ಹೊಸದುರ್ಗದ ಕಡೆ ತಿರುಗಿದೆವು. ಇಷ್ಟು ದೂರ ಹೇಳುವಂಥದ್ದೇನೂ ಇಲ್ಲ. ಹೊಸದುರ್ಗ ಸಮೀಪಿಸಿದಂತೆ ಗುಡ್ಡದ ನೆತ್ತಿಗಳಲ್ಲಿ ಗಾಳಿಯಂತ್ರಗಳ ಸಾಲು ಕಾಣತೊಡಗುತ್ತದೆ. ಅವುಗಳ ನಿರ್ವಹಣೆಗಾಗಿ ಕಡಿದ ಗರಸಿನ ದಾರಿಗಳು ನೋಡುವುದಕ್ಕೆ ಆಕರ್ಷಕವಾಗಿದ್ದರೂ ಅವು ಸಾರ್ವಜನಿಕ ದಾರಿಗಳಲ್ಲ, ಕೆಲವು ಮೀಸಲು ಅರಣ್ಯವನ್ನು ಹಾದುಹೋಗುತ್ತವೆ. ಅನುಮತಿಯಿಲ್ಲದೆ ಅಲ್ಲಿಗೆ ಹತ್ತುವ ಯೋಚನೆಯನ್ನು ಯಾರೂ ಮಾಡಬಾರದು. ನಮ್ಮ ದಾರಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿ ಜಾಡು ಮಾತ್ರ.

ಹೊಸದುರ್ಗ ದಾಟಿದ ಮೇಲೆ ದಾಳಿಂಬೆ ತೋಟವೊಂದರ ಬೇಲಿಯ ಪಕ್ಕದಲ್ಲಿ ಮಣ್ಣಿನ ದಾರಿ ಹಿಡಿದೆವು. ಕೆಂಪು ಗರಸು ಮಣ್ಣು, ಮಳೆ ನೀರು ಕೊರೆದ ಸರುವುಗಳು, ಅಲ್ಲಲ್ಲಿ ಎದ್ದ ಕಲ್ಲುಗುಂಡುಗಳು. ಮಧ್ಯಮ ದರ್ಜೆಯ ದಾರಿ ಎಂದರೆ ಇದೇ: ಸಾಮಾನ್ಯ ಕಾರಿನ ತಳ ಬಡಿಯುತ್ತದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎತ್ತರದ ವಾಹನ ಅವಸರ ಮಾಡದಿದ್ದರೆ ಸಾಗುತ್ತದೆ. ಥಾರ್‌ನ ತಳ ನೆಲದಿಂದ 226 ಮಿ.ಮೀ. ಎತ್ತರದಲ್ಲಿದೆ, ಅಷ್ಟು ಇಲ್ಲಿಗೆ ಸಾಕು. ಸರುವು ಅಡ್ಡ ಬಂದಾಗ ಅದನ್ನು ನೇರವಾಗಿ ಹಾಯದೆ ಓರೆಯಾಗಿ, ಒಂದೊಂದೇ ಚಕ್ರ ಇಳಿದು ಏಳುವಂತೆ ನಡೆಸಬೇಕು. ನೇರವಾಗಿ ಇಳಿಸಿದರೆ ಮುಂದಿನ ಎರಡೂ ಚಕ್ರ ಒಟ್ಟಿಗೆ ಗುಂಡಿಗೆ ಬಿದ್ದು ಬಂಪರು ಎದುರಿನ ದಂಡೆಯನ್ನು ಅಗೆಯುತ್ತದೆ.

ಹೊಳೆ ಸಿಕ್ಕಿದ್ದು ಹತ್ತು ಗಂಟೆಯ ಹೊತ್ತಿಗೆ. ಹೊಂಗೆ ಮತ್ತು ಹೊಳೆಮತ್ತಿ ಮರಗಳ ಸಾಲಿನಡಿಯಲ್ಲಿ ಬಂಡಿ ಜಾಡು ನೇರ ನೀರಿಗಿಳಿದು ಆಚೆ ದಂಡೆಯಲ್ಲಿ ಮತ್ತೆ ಏಳುತ್ತಿತ್ತು. ಅಗಲ ಮೂವತ್ತು ಮೀಟರಿನ ಆಸುಪಾಸು, ನೀರು ತಿಳಿ, ಹರಿವು ನಡೆಯುವ ಮನುಷ್ಯನ ವೇಗಕ್ಕಿಂತ ಕಡಿಮೆ. ಮಳೆ ನಿಂತು ವಾರಗಳು ಕಳೆದಿದ್ದರೂ ಹೊಳೆ ಹೀಗೆ ಹರಿಯುತ್ತಿರುವುದಕ್ಕೆ ಮಳೆಯೊಂದೇ ಕಾರಣವಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯಿಂದ ಎತ್ತಿದ ನೀರು ಅಜ್ಜಂಪುರದ ಸುರಂಗದ ಮೂಲಕ ಬಂದು ವೇದಾವತಿಯ ಪಾತ್ರದಲ್ಲಿಯೇ ಹರಿದು ವಾಣಿವಿಲಾಸ ಸಾಗರವನ್ನು ಸೇರುತ್ತದೆ. ವಾಹನದಲ್ಲಿ ಹೊಳೆ ಹಾಯುವವರಿಗೆ ಇದು ಬಹಳ ಮುಖ್ಯವಾದ ಸಂಗತಿ. ಆಕಾಶ ನೋಡಿ, ಮಳೆಯಿಲ್ಲ, ಆದ್ದರಿಂದ ಹೊಳೆ ಇಳಿದಿದೆ ಎಂದು ಲೆಕ್ಕ ಹಾಕುವ ಹಳೆಯ ಕ್ರಮ ಅಣೆಕಟ್ಟೆಯ ಮೇಲಿನ ಭಾಗದಲ್ಲಿ ಇನ್ನು ನಡೆಯುವುದಿಲ್ಲ. ಪಂಪುಗಳು ಓಡುತ್ತಿವೆಯೇ, ನಿನ್ನೆಗಿಂತ ಇಂದು ನೀರು ಏರಿದೆಯೇ ಎಂದು ದಂಡೆಯ ತೋಟದವರನ್ನು ಕೇಳಿಯೇ ಇಳಿಯಬೇಕು. ನಾವು ಕೇಳಿದ ತೋಟದ ಹೆಂಗಸು ನೀರಿನ ಅಂಚಿನ ಕಲ್ಲೊಂದನ್ನು ತೋರಿಸಿ, "ಈ ಕಲ್ಲು ಮುಳುಗಿದ್ರೆ ನಮ್ಮೋರು ಬಂಡಿ ಇಳ್ಸಲ್ಲಣ್ಣ, ಇವತ್ತು ಕಾಣ್ತೈತಲ್ಲ, ಹೋಗ್ಬೌದು" ಎಂದರು. ಯಾವ ಮಾಪನದ ಕಂಬಕ್ಕೂ ಕಡಿಮೆಯಿಲ್ಲದ ಗುರುತು ಅದು.

ಆದರೂ ಮೇಸ್ತ್ರಿ ಪಂಚೆ ಎತ್ತಿ ಕಟ್ಟಿ, ಬಿದಿರಿನ ಗಳ ಹಿಡಿದು, ಚಪ್ಪಲಿ ಕಳಚದೆಯೇ ನೀರಿಗಿಳಿದರು. ಬರಿಗಾಲಿನಲ್ಲಿ ಇಳಿದರೆ ಕಲ್ಲು ಚುಚ್ಚುತ್ತದೆಂಬ ಗಮನದಲ್ಲಿಯೇ ತಳದ ಗುಣ ತಿಳಿಯದೆ ಹೋಗುತ್ತದೆ ಎಂಬುದು ಅವರ ಅನುಭವ. ಒಂದು ಚಕ್ರ ಹೋಗುವ ಸಾಲಿನಲ್ಲಿ ಹೋಗಿ, ಇನ್ನೊಂದು ಚಕ್ರ ಹೋಗುವ ಸಾಲಿನಲ್ಲಿ ಹಿಂದಿರುಗಿದರು. ಎರಡು ಹೆಜ್ಜೆಗೊಮ್ಮೆ ಗಳವನ್ನು ಕುಟ್ಟಿ ಸದ್ದು ಕೇಳುತ್ತಿದ್ದರು. ಗಟ್ಟಿ ಕಲ್ಲಿಗೆ ಬಡಿದರೆ ಕಿರಿದಾದ ಟಕ್ಕೆಂಬ ಸದ್ದು, ಬೆಣಚುಕಲ್ಲಿನ ಹಾಸಿಗೆ ಬಡಿದರೆ ಕರಕರ ಸದ್ದು, ಸದ್ದೇ ಬಾರದೆ ಗಳ ಒಳಗಿಳಿದರೆ ಅಲ್ಲಿ ಚಕ್ರ ಇಡುವಂತಿಲ್ಲ. ನಡುಹೊಳೆಯಲ್ಲಿ ನೀರು ಅವರ ಮೊಣಕಾಲಿಗೆ ಮೂರು ಬೆರಳು ಕೆಳಗಿತ್ತು. ಬಲಗಡೆ, ಹೊಳೆ ತಿರುಗುವ ಹೊರಬದಿಯಲ್ಲಿ, ನೀರು ನಿಶ್ಚಲವಾಗಿ ಕಡುಹಸಿರಾಗಿತ್ತು. ಹೊರತಿರುವು ಯಾವಾಗಲೂ ಆಳ. ಹರಿವು ಅಗಲವಾಗಿ ಹರಡಿ ಮೇಲ್ಮೈಯಲ್ಲಿ ಕಿರುಅಲೆಗಳು ಎದ್ದ ಕಡೆ ಆಳ ಕಡಿಮೆ, ತಳವೂ ಗಟ್ಟಿ. ನೀರು ನೋಡಲು ಶಾಂತವಾಗಿರುವ ಜಾಗವನ್ನೇ ಆರಿಸಿಕೊಳ್ಳುವವರು ಬಹುಪಾಲು ಆಳಕ್ಕೇ ಹೋಗುತ್ತಾರೆ.

ಥಾರ್ 650 ಮಿ.ಮೀ. ನೀರನ್ನು ಹಾಯಬಲ್ಲದೆಂದು ತಯಾರಕರು ಹೇಳುತ್ತಾರೆ. ಅದು ನಿಂತ ನೀರಿನ, ಸಮತಟ್ಟಾದ ತಳದ ಲೆಕ್ಕವೆಂದೇ ನಾವು ತಿಳಿಯಬೇಕು. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಹರಿವಿರುವ ಹೊಳೆಯಲ್ಲಿ ಮೊಣಕಾಲಿನ ಮೇಲೆ ನೀರಿದ್ದರೆ ಹಿಂದಿರುಗುವುದು ನಮ್ಮ ಪದ್ಧತಿ. ಜಿಪ್ಸಿ ಒಂದು ಟನ್ನಿನ ಆಸುಪಾಸಿನ ಹಗುರ ವಾಹನ, ನೀರು ಅದನ್ನು ಬೇಗ ಅಲುಗಿಸುತ್ತದೆ. ಪೆಟ್ರೋಲ್ ಎಂಜಿನ್ನಿನ ಕಿಡಿ ಹಚ್ಚುವ ಭಾಗಗಳಿಗೆ ನೀರು ಸಿಡಿದರೆ ನಡುನೀರಿನಲ್ಲಿ ನಿಂತೂ ಬಿಡಬಹುದು. ಆದ್ದರಿಂದ ಅದರ ಮುಂಭಾಗಕ್ಕೆ ಟಾರ್ಪಾಲನ್ನು ಕಟ್ಟಿ, ಮುಂದಿನ ಚಕ್ರಗಳಿಗೂ ಶಕ್ತಿ ಹೋಗುವಂತೆ ಅವುಗಳ ನಡುವಿನ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಿ, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ರೇಂಜಿನ ಎರಡನೆಯ ಗೇರಿನಲ್ಲಿ ಇಳಿಸಿದೆವು. ನೀರಿನಲ್ಲಿ ಗೇರ್ ಬದಲಿಸಬಾರದು, ಕ್ಲಚ್ ಒತ್ತಬಾರದು, ನಡಿಗೆಯ ವೇಗಕ್ಕಿಂತ ಸ್ವಲ್ಪ ಹೆಚ್ಚಿನ ಒಂದೇ ವೇಗದಲ್ಲಿ ಸಾಗಬೇಕು. ಆಗ ವಾಹನದ ಮುಂದೆ ಒಂದು ಅಲೆ ಎದ್ದು, ಅದರ ಹಿಂದೆ ಎಂಜಿನ್ ಇರುವ ಜಾಗದಲ್ಲಿ ನೀರು ತಗ್ಗಿರುತ್ತದೆ. ಅವಸರಿಸಿದರೆ ಆ ಅಲೆಯೇ ಬಾನೆಟ್ಟಿನ ಮೇಲೇರುತ್ತದೆ. ಗಾಳಿ ಎಳೆಯುವ ಕೊಳವೆಗೆ ನೀರು ಹೊಕ್ಕರೆ ಸಿಲಿಂಡರಿನೊಳಗೆ ನೀರು ಅಮುಕಲಾಗದೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಹಾಗೇನಾದರೂ ನಡುಹೊಳೆಯಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಕೀಲಿ ತಿರುಗಿಸಬಾರದು, ಎಳೆದು ದಂಡೆಗೆ ತರಬೇಕು.

ಎರಡೂ ವಾಹನಗಳು ಸಲೀಸಾಗಿ ಹಾಯ್ದವು. ಚಕ್ರಗಳ ಕೆಳಗೆ ಬೆಣಚುಕಲ್ಲುಗಳು ಉರುಳುವುದು ಸ್ಟಿಯರಿಂಗಿನ ಮೂಲಕವೇ ಅಂಗೈಗೆ ತಿಳಿಯುತ್ತಿತ್ತು. ದಂಡೆ ಏರಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತ ನೂರಿನ್ನೂರು ಮೀಟರ್ ಓಡಿಸಿ ಒಣಗಿಸಿಕೊಂಡೆವು. ಅಂದು ಸಂಜೆಯೊಳಗೆ ಇದೇ ಹೊಳೆಯನ್ನೂ ಅದಕ್ಕೆ ಬಂದು ಸೇರುವ ಹಳ್ಳಗಳನ್ನೂ ಹೀಗೆಯೇ ಹಾಯುತ್ತ ಹೋಗಿ, ರಾತ್ರಿ ಹೊಸದುರ್ಗಕ್ಕೆ ಹಿಂದಿರುಗಿ ಉಳಿದೆವು.

ಎರಡನೆಯ ದಿನ: ಹಿನ್ನೀರಿನ ಅಂಚು, ವಾಣಿವಿಲಾಸ ಸಾಗರ, ಹಿರಿಯೂರು

ಹಿಂದೆ ಗಾಜಿನ ಬಳೆಗೆ ಹೆಸರಾಗಿದ್ದ ಮತ್ತೋಡಿನ ಕಡೆಯಿಂದ ಹೊರಟು ಹಿನ್ನೀರಿನ ಅಂಚನ್ನು ಹಿಡಿಯುವುದು ಎರಡನೆಯ ದಿನದ ಯೋಜನೆ. ತೆಂಗಿನ ತೋಟಗಳು ಮುಗಿದು ಎರೆ ಹೊಲಗಳು ಆರಂಭವಾದಂತೆ ದಾರಿಯ ಗುಣವೂ ಬದಲಾಯಿತು. ಕಡಲೆ ಗಿಡಗಳು ಗೇಣುದ್ದ ಎದ್ದಿದ್ದವು. ಹೊಲದ ಮೇಲ್ಪದರ ಬಿರಿದು ಒಣಗಿತ್ತು. ಆದರೆ ಕಾಲುವೆಯ ನೀರು ಸೋರಿದ ಕಡೆಯೊಂದರಲ್ಲಿ ಹದಿನೈದು ಮೀಟರಿನಷ್ಟು ಹಸಿ ಎರೆ ಮಣ್ಣನ್ನು ದಾಟಬೇಕಾಯಿತು. ಆ ಹದಿನೈದು ಮೀಟರಿಗೆ ನಾವು ತೆಗೆದುಕೊಂಡ ಸಮಯದಲ್ಲಿ ಹಿಂದಿನ ದಿನದ ಹೊಳೆಯನ್ನು ಹಲವು ಸಲ ಹಾಯಬಹುದಿತ್ತು.

ಎರೆ ಮಣ್ಣು ನೀರು ಕುಡಿದು ಉಬ್ಬುವ ಜೇಡಿ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಟೈರಿನ ಹಲ್ಲುಗಳ ನಡುವಿನ ಸಂದುಗಳೆಲ್ಲ ತುಂಬಿ, ಟೈರು ನುಣುಪಾದ ಉರುಳೆಯಾಗುತ್ತದೆ. ಎರಡನೆಯ ಸುತ್ತಿಗೆ ಮಣ್ಣು ಪದರ ಪದರವಾಗಿ ಮೆತ್ತಿಕೊಂಡು ಚಕ್ರದ ಗಾತ್ರವೇ ಹಿಗ್ಗುತ್ತದೆ. ಇನ್ನೂ ಮುಂದುವರಿದರೆ ಮಡ್‌ಗಾರ್ಡಿನ ಒಳಗೆ ಮಣ್ಣು ತುಂಬಿ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಆಕ್ಸಿಲರೇಟರ್ ಒತ್ತುವುದರಿಂದ ಉಪಯೋಗವಿಲ್ಲ. ಇಳಿದು, ಹಾರೆಯ ಚೂಪು ತುದಿಯಿಂದ ಮಣ್ಣನ್ನು ಕೆರೆದು, ಜಾಲಿಯ ಬದಲು ಲಕ್ಕಿ ಗಿಡದ ಮುಳ್ಳಿಲ್ಲದ ಬರಲುಗಳನ್ನು ಮುರಿದು ಹಾಸಿ, ಒಂದೊಂದೇ ಗಜ ಸಾಗಬೇಕು. ಈ ಮಣ್ಣಿನ ಮೇಲೆ ನಾಲ್ಕು ಹನಿ ಮಳೆ ಬಿದ್ದರೂ ಒಂದು ಹಗಲು ಬಿಸಿಲು ಕಾದು ನಿಲ್ಲುವುದೇ ಸರಿ. ಹೊಲದವರೂ ಬಂಡಿ ಹೂಡದೆ ಕಾಯುತ್ತಾರೆ.

ಹಿನ್ನೀರು ಕಂಡದ್ದು ಮಧ್ಯಾಹ್ನಕ್ಕೆ ಮೊದಲು. ಬೋಳುಗುಡ್ಡಗಳ ನಡುವಿನ ಕೊಲ್ಲಿಗಳಿಗೆಲ್ಲ ನೀರು ನುಗ್ಗಿ ನಿಂತಿತ್ತು. ನಮ್ಮ ಬಂಡಿ ಜಾಡು ನೇರವಾಗಿ ಹೋಗಿ ಒಂದು ಕೊಲ್ಲಿಯ ನೀರಿನೊಳಗೆ ಮುಳುಗಿ, ಎಂಬತ್ತು ಮೀಟರ್ ಆಚೆ ಮತ್ತೆ ಮೇಲೆದ್ದಿತ್ತು. ನೋಡುವುದಕ್ಕೆ ಅದು ಮೊದಲ ದಿನದ ಹೊಳೆಗಿಂತ ಸುಲಭ. ನೀರಿಗೆ ಹರಿವೇ ಇಲ್ಲ, ಆಳ ಎಲ್ಲೂ ಮಂಡಿಗೆ ಬರುವುದಿಲ್ಲವೆಂದು ಅಲ್ಲಿ ಬಲೆ ಒಣಹಾಕುತ್ತಿದ್ದ ಮೀನುಗಾರರೂ ಹೇಳಿದರು. ಮೇಸ್ತ್ರಿ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಊರಿದರು. ಮೇಲಿನ ಒಣ ಪದರ ಬಿರಿದು ಕಾಲು ಕಣಕಾಲಿನವರೆಗೆ ಇಳಿಯಿತು, ಎಳೆದಾಗ ಕಪ್ಪು ಹೂಳಿನ ಜೊತೆ ಕೊಳೆತ ಎಲೆಯ ವಾಸನೆ ಎದ್ದಿತು. ನದಿ ಜಲಾಶಯಕ್ಕೆ ಸೇರುವಾಗ ಹರಿವು ನಿಂತು, ಹೊತ್ತು ತಂದ ನುಣ್ಣನೆಯ ಹೂಳನ್ನೆಲ್ಲ ಅಲ್ಲಿಯೇ ಇಳಿಸುತ್ತದೆ. ಗಳವನ್ನು ಊರಿದರೆ ಮೂರಡಿ ಇಳಿದರೂ ಗಟ್ಟಿ ನೆಲ ಸಿಗಲಿಲ್ಲ. "ಇಲ್ಲಿ ನೀರು ಹಾಯೋದಲ್ಲ ಸರ್, ವಾಹನ ಹೂಳೋದು" ಎಂದು ಹೇಳಿ ಮೇಸ್ತ್ರಿ ಕಾಲು ತೊಳೆದುಕೊಂಡರು. ನಾವು ಹಿಂದಿರುಗಿ, ಗುಡ್ಡದ ಬುಡದ ಕಲ್ಲುದಾರಿಯಲ್ಲಿ ಬಹುದೂರ ಸುತ್ತಿ ಆಚೆಯ ದಂಡೆಯನ್ನು ಸೇರಿದೆವು. ಆ ಸುತ್ತುದಾರಿಯೇ ಅಂದಿನ ಅತ್ಯುತ್ತಮ ಚಾಲನೆಯಾಯಿತು. ಒಂದು ಕಡೆ ಇಳುಕಲಿನಲ್ಲಿ ಚಪ್ಪಡಿಗಳು ಮೆಟ್ಟಿಲುಗಳಾಗಿ ಎದ್ದಿದ್ದವು, ಜಿಪ್ಸಿಯ ಒಂದು ಹಿಂಚಕ್ರ ಗಾಳಿಯಲ್ಲಿ ತೂಗಿ, ಬ್ರೇಕ್ ಒತ್ತದೆ ಲೋ ಗೇರಿನ ಹಿಡಿತದಲ್ಲಿಯೇ ನಿಧಾನವಾಗಿ ಕಲ್ಲಿಗೆ ತಾಗಿತು.

ನಾಲ್ಕು ಗಂಟೆಗೆ ಕಣಿವೆ ಮಾರಮ್ಮನ ಗುಡಿಯ ಬಳಿ ಬಂದು ಅಣೆಕಟ್ಟೆಯನ್ನು ನೋಡಿದೆವು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1898ರಿಂದ 1907ರವರೆಗೆ ಕಲ್ಲು ಗಾರೆಯಿಂದ ಕಟ್ಟಿದ ಇದರ ಪೂರ್ಣ ಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಜಲಾಶಯ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಕಳೆದು 2022ರಲ್ಲಿ, ಮತ್ತೆ 2025ರಲ್ಲಿ. ಈ ವರ್ಷಗಳು ಹಿನ್ನೀರಿನ ಅಂಚಿನಲ್ಲಿ ಓಡಾಡುವವರಿಗೆ ನೇರವಾಗಿ ಸಂಬಂಧಪಟ್ಟವು. ಎಂಟು ದಶಕ ಒಣಗಿದ್ದ ಅಂಚಿನಲ್ಲಿ ಜನ ಹೊಲ ಮಾಡಿದ್ದರು, ದಾರಿ ಮಾಡಿಕೊಂಡಿದ್ದರು. 2022ರ ನಂತರ ಅವುಗಳಲ್ಲಿ ಹಲವು ನೀರಿನಡಿ ಹೋದವು. ಹಳೆಯ ನಕ್ಷೆಯಲ್ಲಿರಲಿ, ಮೊಬೈಲಿನ ನಕ್ಷೆಯಲ್ಲಿರಲಿ ಕಾಣುವ ಗೆರೆ ಇಂದು ನೆಲದ ಮೇಲಿದೆ ಎಂದು ನಂಬುವಂತಿಲ್ಲ. ಇಷ್ಟು ಕಾಲ ನೀರಿಗಾಗಿ ಬಾಯಿಬಿಟ್ಟಿದ್ದ ಸೀಮೆಗೆ ಈ ನೀರು ಬಂದಿರುವುದು ದೊಡ್ಡ ಭಾಗ್ಯ. ನಮ್ಮ ದಾರಿ ಮುಳುಗಿದ್ದಕ್ಕೆ ಬೇಸರಪಡುವುದು ಸಲ್ಲದು. ಹಿರಿಯೂರಿಗೆ ಸುಮಾರು 20 ಕಿ.ಮೀ. ಡಾಂಬರು ರಸ್ತೆ, ರಾತ್ರಿ ಅಲ್ಲಿ ಉಳಿದೆವು.

ಮೂರನೆಯ ದಿನ: ಹಿರಿಯೂರು, ಪರಶುರಾಂಪುರ, ಚಳ್ಳಕೆರೆ

ಹಿರಿಯೂರಿನಿಂದ ಕೆಳಗೆ ಸುವರ್ಣಮುಖಿಯನ್ನು ಕೂಡಿಸಿಕೊಂಡ ಮೇಲೆ ವೇದಾವತಿಯ ಸ್ವರೂಪವೇ ಬೇರೆ. ಮೇಲಿನ ಭಾಗದ ಪದರುಗಲ್ಲಿನ ಪಟ್ಟಿ ಹಿಂದೆ ಉಳಿದು ಪೂರ್ವಕ್ಕೆ ಕಣಶಿಲೆಯ (ಗ್ರಾನೈಟಿನ) ಸೀಮೆ ಬರುತ್ತದೆ, ಆ ಕಲ್ಲು ಸವೆದು ಆಗುವುದೇ ಮರಳು. ಪಾತ್ರ ಇನ್ನೂರು ಮುನ್ನೂರು ಮೀಟರ್ ಅಗಲ, ನೀರು ಅದರ ಒಂದು ಮಗ್ಗುಲಲ್ಲಿ ಮಾತ್ರ. ವಾಣಿವಿಲಾಸ ಸಾಗರದಿಂದ ಚಳ್ಳಕೆರೆ ತಾಲ್ಲೂಕಿನ ಪಾಲಿನ ನೀರನ್ನು ಹೊಳೆಯ ಪಾತ್ರದಲ್ಲಿಯೇ ಬಿಡುತ್ತಾರೆ. ಅದನ್ನು ಹಿಡಿದು ನಿಲ್ಲಿಸಲು ಉದ್ದಕ್ಕೂ ಬ್ಯಾರೇಜುಗಳನ್ನು ಕಟ್ಟಿದ್ದಾರೆ. ಬ್ಯಾರೇಜಿನ ಹಿಂದೆ ಆಳ ನೀರು, ಮುಂದೆ ಒಣ ಮರಳು. ಹಾಯುವ ಜಾಗವನ್ನು ಆರಿಸಬೇಕಾದದ್ದು ಎರಡು ಬ್ಯಾರೇಜುಗಳ ನಡುವಿನ ಬೆತ್ತಲೆ ಪಾತ್ರದಲ್ಲಿ.

ಮರಳಿಗೆ ಇಳಿಯುವ ಮೊದಲು ಟೈರುಗಳ ಗಾಳಿಯ ಒತ್ತಡವನ್ನು 32ರಿಂದ 18 ಪಿ.ಎಸ್.ಐ.ಗೆ ಇಳಿಸಿದೆವು. ಗಾಳಿ ಇಳಿದ ಟೈರು ಒಂಟೆಯ ಪಾದದ ಹಾಗೆ ಹರಡಿಕೊಂಡು, ಭಾರವನ್ನು ಹೆಚ್ಚು ಜಾಗದ ಮೇಲೆ ಹಂಚುತ್ತದೆ. ಮೇಸ್ತ್ರಿ ವಾಲ್ವಿನ ಪಿನ್ನನ್ನು ಅದುಮಿ, ಮಾಪಕವಿಟ್ಟು ನೋಡಿ, ಮತ್ತೆ ಅದುಮಿ, ಎಂಟೂ ಚಕ್ರಗಳನ್ನು ಒಂದೇ ಅಳತೆಗೆ ತಂದರು. ನಾವು ಈ ಕೆಲಸದಲ್ಲಿದ್ದಾಗ ಕಂಬಳಿ ಹೊದ್ದ ಕುರಿಗಾಹಿ ಅಜ್ಜನೊಬ್ಬ ತನ್ನ ಹಿಂಡನ್ನು ಹೊಳೆಗೆ ಇಳಿಸುತ್ತಿದ್ದ. ಹಿಂಡು ನೇರವಾಗಿ ಹೋಗದೆ ನಡುವೆ ಎಡಕ್ಕೆ ದೊಡ್ಡದಾಗಿ ಬಳಸಿಕೊಂಡು ಹೋದದ್ದನ್ನು ಕಂಡು ಮಾವನ ಮಗ ಕೇಳಿದ:

"ಅಜ್ಜಾ, ನೇರಕ್ಕೆ ಯಾಕೆ ಹೋಗಲಿಲ್ಲ ಕುರಿ?"

"ನೇರಕ್ಕೆ ಮರಳು ತೆಗ್ದಿದ್ರು ಕಣಪ್ಪ, ಆಳುದ್ದ ಗುಂಡಿ. ಹೊಳೆ ಬಂದು ಮುಚ್ಚೈತೆ. ಮ್ಯಾಲೆ ನೋಡಿದ್ರೆ ಎಲ್ಲಾ ಒಂದೇ ಐತೆ, ಒಳಗೆ ಸಡ್ಲ. ಹೋದೊರ್ಸ ನಂದೊಂದು ಟಗರು ಹೊಟ್ಟೆತನಕ ಇಳೀತು."

ಅಣೆಕಟ್ಟೆಯ ಕೆಳಗಿನ ವೇದಾವತಿಯ ನಿಜವಾದ ಅಪಾಯ ಇದೇ. ಮರಳು ತೆಗೆದ ಗುಂಡಿಗಳನ್ನು ಮುಂದಿನ ಪ್ರವಾಹ ತುಂಬುತ್ತದೆ, ಆದರೆ ಹೊಸದಾಗಿ ಬಂದು ಬಿದ್ದ ಮರಳು ನೂರಾರು ವರ್ಷ ಕುಳಿತ ಮರಳಿನಂತೆ ಬಿಗಿಯಾಗುವುದಿಲ್ಲ. ಅದರಡಿ ನೀರು ನಿಂತಿದ್ದರೆ ಭಾರ ಬಿದ್ದೊಡನೆ ಅದು ಗಂಜಿಯಾಗಿ ಸರಿಯುತ್ತದೆ. ಸೇತುವೆಗಳ ಕಂಬಗಳಿಗೂ ದಂಡೆಯ ಬಾವಿಗಳ ಒರತೆಗೂ ಮರಳು ಗಣಿಗಾರಿಕೆ ಮಾಡಿರುವ ಹಾನಿಯ ಮುಂದೆ ವಾಹನ ಸಿಕ್ಕಿಕೊಳ್ಳುವುದು ಸಣ್ಣ ವಿಷಯ. ಹೊಳೆಯ ಪಾತ್ರದಲ್ಲಿ ನಡೆದು ನೋಡಿದಾಗಲೇ ಆ ಹಾನಿಯ ಅಗಲ ಕಣ್ಣಿಗೆ ಬೀಳುವುದು, ಅದನ್ನು ನೋಡಿ ಸುಮ್ಮನಿರಲಾಗುವುದಿಲ್ಲ.

ಅಜ್ಜನ ಕುರಿಗಳ ಜಾಡನ್ನೇ ಹಿಡಿದೆವು. ಮೊದಲು ಜಿಪ್ಸಿ ಹೋಯಿತು. ನೀರಿನಲ್ಲಿ ಅಲುಗುವ ಅದರ ಹಗುರತನ ಮರಳಿನಲ್ಲಿ ವರವಾಗಿ, ಮೇಲುಮೇಲೆಯೇ ತೇಲಿಕೊಂಡು ನೀರಿನ ಅಂಚಿಗೆ ತಲುಪಿತು. ಹಿಂದೆ ನಾನು ಅದೇ ಗಾಲಿಗುರುತಿನಲ್ಲಿ ಥಾರ್ ಇಳಿಸಿದೆ. ಒಣ ಮರಳಿನಲ್ಲಿ ಸಾಗಿತು. ನೀರಿಗೆ ಹತ್ತು ಮೀಟರ್ ಉಳಿದಿರುವಾಗ, ಜಿಪ್ಸಿಯ ಚಕ್ರಗಳು ಆಗಲೇ ಕದಡಿದ್ದ ತೇವದ ಪಟ್ಟಿಯಲ್ಲಿ, ಹಿಂಭಾಗ ಮೆಲ್ಲಗೆ ಕುಳಿತಿತು. ಅಂಥ ಹೊತ್ತಿನಲ್ಲಿ ಕಾಲನ್ನು ಆಕ್ಸಿಲರೇಟರಿನಿಂದ ಎತ್ತುವುದೊಂದೇ ಸರಿಯಾದ ಕೆಲಸ. ಚಕ್ರ ಬರಿದೆ ತಿರುಗಿದಷ್ಟೂ ತನ್ನ ಗುಂಡಿಯನ್ನು ತಾನೇ ತೋಡುತ್ತದೆ, ಆಕ್ಸೆಲ್ ಮರಳಿಗೆ ತಾಗಿದ ಮೇಲೆ ಕೆಲಸ ನಾಲ್ಕರಷ್ಟಾಗುತ್ತದೆ.

ಬಿಡಿಸಿಕೊಂಡ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಕಡೆ ಜನ ಈ ಹಂತದಲ್ಲಿಯೇ ಪೆಟ್ಟು ತಿನ್ನುತ್ತಾರೆ. ಮೊದಲು ಸಲಿಕೆಯಿಂದ ಚಕ್ರಗಳ ಮುಂದೆ ಹಿಂದೆ ಮರಳನ್ನು ತೆಗೆದು ಇಳಿಜಾರು ಮಾಡಿದೆವು, ಚಕ್ರದ ಅಡಿಯಿಂದಲ್ಲ. ಅಡಿಯಿಂದ ತೆಗೆದರೆ ವಾಹನ ಇನ್ನೂ ಇಳಿಯುತ್ತದೆ. ಮರಳಿನ ಮೇಲೆ ಜಾಕಿ ನೇರವಾಗಿ ನಿಲ್ಲುವುದಿಲ್ಲ, ಹಲಗೆಯನ್ನು ಹಾಸಿ ಅದರ ಮೇಲೆ ಜಾಕಿ ಇಟ್ಟು ಒಂದೊಂದೇ ಹಿಂಚಕ್ರವನ್ನು ಎತ್ತಿ, ಅದರಡಿಗೆ ದಂಡೆಯಿಂದ ತಂದ ಆಪಿನ ಹುಲ್ಲಿನ ಕಂತೆಗಳನ್ನು ತುರುಕಿದೆವು. ಎತ್ತಿದ ವಾಹನದ ಅಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ಯಾರೂ ಒಡ್ಡಲಿಲ್ಲ, ಕಂತೆಗಳನ್ನು ಹಾರೆಯಿಂದಲೇ ತಳ್ಳಿದೆವು. ಟೈರಿನ ಗಾಳಿಯನ್ನು ಇನ್ನೂ ಸ್ವಲ್ಪ ಇಳಿಸಿದೆವು. ಆಮೇಲೆ ಟೋ ಬೆಲ್ಟನ್ನು ಎರಡೂ ವಾಹನಗಳ ಚಾಸಿಯ ಕೊಕ್ಕೆಗೆ ಶ್ಯಾಕಲ್‌ನಿಂದ ಬಿಗಿದು, ಅದರ ನಡುವಿಗೆ ಒದ್ದೆ ಗೋಣಿಚೀಲವನ್ನು ಹೊದಿಸಿ, ಅಜ್ಜನನ್ನೂ ಹಿಂಡನ್ನೂ ಬೆಲ್ಟಿನ ಉದ್ದಕ್ಕಿಂತ ಹೆಚ್ಚು ದೂರ ಕಳುಹಿಸಿದೆವು. ಬೆಲ್ಟ್ ಕಿತ್ತರೆ ಅಥವಾ ಕೊಕ್ಕೆ ಮುರಿದರೆ ಅದು ಹಾರಿಬರುವ ರಭಸಕ್ಕೆ ಮನುಷ್ಯ ಉಳಿಯುವುದಿಲ್ಲ. ಜಿಪ್ಸಿ ಜಗ್ಗಿ ಎಳೆಯಲಿಲ್ಲ. ಬೆಲ್ಟ್ ಬಿಗಿಯಾಗುವವರೆಗೆ ತೆವಳಿ, ಅಲ್ಲಿಂದ ಒಂದೇ ಸಮನೆ ಎಳೆಯಿತು, ನಾನು ಲೋ ಗೇರಿನಲ್ಲಿ ಅದಕ್ಕೆ ಕೈಜೋಡಿಸಿದೆ. ಥಾರ್ ಕಂತೆಗಳ ಮೇಲೆ ಏರಿ ಬಂದಿತು. ಮುಂದಿನ ನೀರು ಬರೀ ಕಣಕಾಲಿನಷ್ಟು, ಅದರಡಿಯ ಮರಳು ಹರಿವಿಗೆ ತೊಳೆದು ಬಿಗಿಯಾಗಿತ್ತು, ಕ್ಷಣದಲ್ಲಿ ಹಾಯ್ದೆವು. ಅಜ್ಜನಿಗೆ ಬುತ್ತಿಯಲ್ಲಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ದಂಡೆಯಲ್ಲಿ ಒಟ್ಟಿಗೇ ಕುಳಿತು ಊಟ ಮಾಡಿದೆವು. ಹಾಸಿದ್ದ ಆಪನ್ನೆಲ್ಲ ತೆಗೆದು, ತೋಡಿದ ಗುಂಡಿಯನ್ನು ಮುಚ್ಚಿ, ಮರುದಿನ ಬರುವ ಬಂಡಿಗೆ ತೊಂದರೆಯಾಗದಂತೆ ಮಟ್ಟ ಮಾಡಿಯೇ ಹೊರಟೆವು.

ಪರಶುರಾಂಪುರದ ಬಳಿ ಹೊಳೆಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿದೆವು. ಇಲ್ಲಿಂದ ಮುಂದೆ ನದಿ ಆಂಧ್ರದ ಭೈರವಾನಿತಿಪ್ಪೆಯ ಜಲಾಶಯದ ಕಡೆ ಹೋಗುತ್ತದೆ. ಚಳ್ಳಕೆರೆಯ ದಾರಿಯಲ್ಲಿ ಹುಲ್ಲುಗಾವಲಿನ ತುಣುಕುಗಳು ಸಿಗುತ್ತವೆ. ಅಮೃತಮಹಲ್ ಕಾವಲುಗಳೆಂದು ದನಗಳಿಗಾಗಿ ಕಾಯ್ದಿಟ್ಟಿದ್ದ ಈ ತಾಲ್ಲೂಕಿನ ವಿಶಾಲ ಬಯಲುಗಳಲ್ಲಿ ಬಹುಭಾಗ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಗೋಡೆಗಳೊಳಗಿದೆ. ಉಳಿದ ಹುಲ್ಲನ್ನು ನೋಡಿ, ಅದರ ಮೇಲೆ ಮನಬಂದಂತೆ ವಾಹನ ಓಡಿಸುವ ಆಸೆ ಎಂಥವರಿಗೂ ಬಂದೀತು. ಒಮ್ಮೆ ಚಕ್ರ ಉರುಳಿದ ಸಾಲಿನಲ್ಲಿ ಮಣ್ಣು ಅದುಮಿಕೊಂಡು, ಮುಂದಿನ ಮಳೆಯ ನೀರು ಅದೇ ಸಾಲು ಹಿಡಿದು ಕೊರೆಯುತ್ತದೆ. ಅಲ್ಲಿ ಮತ್ತೆ ಹುಲ್ಲು ಹಿಡಿಯಲು ವರ್ಷಗಳು ಬೇಕು. ಆದ್ದರಿಂದ ಇರುವ ಜಾಡನ್ನು ಬಿಟ್ಟು ಒಂದು ಗಜವೂ ಆಚೀಚೆ ಹೋಗಲಿಲ್ಲ.

ಚಳ್ಳಕೆರೆಯಲ್ಲಿ ಮೇಸ್ತ್ರಿಗೆ ಪರಿಚಯದ ಗ್ಯಾರೇಜೊಂದರಲ್ಲಿ ಎರಡೂ ವಾಹನಗಳನ್ನು ಎತ್ತಿ ನೋಡಿದರು. ಓಡಿ ಬಿಸಿಯಾದ ಡಿಫರೆನ್ಶಿಯಲ್, ಅಂದರೆ ಚಕ್ರಗಳಿಗೆ ಶಕ್ತಿ ಹಂಚುವ ಆಕ್ಸೆಲ್ ನಡುವಿನ ಗೇರುಪೆಟ್ಟಿಗೆ, ಏಕಾಏಕಿ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎಂಬ ಗಾಳಿಕಿಂಡಿ ಅಥವಾ ಸವೆದ ಸೀಲಿನ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಥಾರ್‌ನ ಎಣ್ಣೆ ತಿಳಿಯಾಗಿತ್ತು. ಜಿಪ್ಸಿಯ ಹಿಂದಿನ ಡಿಫರೆನ್ಶಿಯಲ್‌ನ ಬಿರಡೆ ಬಿಚ್ಚಿದಾಗ ಎಣ್ಣೆ ಹಾಲು ಬೆರೆತ ಬಣ್ಣಕ್ಕೆ ತಿರುಗಿತ್ತು. ಹಾಗೆಯೇ ಬಿಟ್ಟಿದ್ದರೆ ಬೇರಿಂಗುಗಳು ತುಕ್ಕು ಹಿಡಿದು ಕೆಲವೇ ವಾರಗಳಲ್ಲಿ ಕೂಗತೊಡಗುತ್ತಿದ್ದವು. ಎಣ್ಣೆಯನ್ನೆಲ್ಲ ಸುರಿದು ಹೊಸದು ತುಂಬಿಸಿ, ಮುಂದಿನ ಹಬ್ಬುಗಳನ್ನು ಬಿಚ್ಚಿ ಮರಳು ಒರೆಸಿ ಗ್ರೀಸು ಹಾಕಿಸಿದೆವು. ಬ್ರೀದರಿಗೆ ರಬ್ಬರ್ ಕೊಳವೆ ಜೋಡಿಸಿ ಅದರ ಬಾಯಿಯನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ಯುವ ಕೆಲಸವನ್ನು, ಮೇಲ್ಭಾಗದ ಹೊಳೆಗೆ ಮತ್ತೆ ಇಳಿಯುವ ಮೊದಲೇ ಮಾಡಿಸಬೇಕೆಂದು ಮಾವನ ಮಗ ಅಲ್ಲಿಯೇ ಗೊತ್ತುಮಾಡಿಕೊಂಡ. ಟೈರುಗಳಿಗೆ ಮತ್ತೆ 32 ತುಂಬಿಸಿ, ರಾತ್ರಿ ಎಂಟಕ್ಕೆ ಚಿತ್ರದುರ್ಗದ ರಸ್ತೆ ಹಿಡಿದೆವು.